ಸುಹೃತ್ಸಮ್ಮಿತ



ವೇದವು ಪ್ರಭುವಿನಂತೆ ಆಜ್ಞಾಪಿಸುವುದು, ಪುರಾಣೇತಿಹಾಸಗಳು ಸ್ನೇಹಿತನಂತೆ ತಿಳಿಯಹೇಳುವುವು, ಕಾವ್ಯವು ಕಾಂತೆಯಂತೆ ಮನವೊಲಿಸುವುದು ಎಂದು ವಿಂಗಡಿಸಿದ ಮಮ್ಮಟನು ತನ್ನ 'ಕಾವ್ಯಪ್ರಕಾಶ'ದಲ್ಲಿ ಕಾಂತಾಸಮ್ಮಿತಕ್ಕೇ ಮನ್ನಣೆಯಿತ್ತನು. ಕಾವ್ಯದ ಮಟ್ಟಿಗೆ ಅದು ಯುಕ್ತವೇ. ಆದರೆ ನಾಲ್ಕು ಜನರ ನಡುವೆ ಹೇಗೆ ನಡೆದುಕೊಳ್ಳಬೇಕೆಂದು ತೋಚದೆ ತೊಳಲುವ ಗೆಳೆಯನೊಬ್ಬನ ವಿಷಯದಲ್ಲಿ ನಮಗೆ ಬೇಕಾದುದು ನಡುವಣ ಆ ಸುಹೃತ್ಸಮ್ಮಿತವೇ, ಮತ್ತು ಮೂರರಲ್ಲಿ ಅದೇ ಅತ್ಯಂತ ಕಠಿನವೆಂದು ನಾನು ನಂಬಿದ್ದೇನೆ.

ನನಗೊಬ್ಬ ಸಹಪಾಠಿಯಿದ್ದನು. ಛಂದಸ್ಸಿನಲ್ಲಿ ಅವನದು ಅಸಾಧಾರಣ ಪಾಂಡಿತ್ಯ. ಯಾರ ಮನೆಗೆ ಹೋದರೂ, ಮನೆಯಾಕೆ ತಟ್ಟೆಯಲ್ಲಿ ಎಲೆಯಡಕೆ ತಂದಿಟ್ಟ ಮೇಲೆಯೂ, ಯಜಮಾನರು ಎರಡು ಸಲ ಗಡಿಯಾರ ನೋಡಿದ ಮೇಲೆಯೂ, ಅವನ ಷಟ್ಪದಿಯ ವಿಚಾರ ಮುಂದುವರಿಯುತ್ತಲೇ ಇರುತ್ತಿತ್ತು. ಒಂದು ಮದುವೆಯ ಪಂಕ್ತಿಯಲ್ಲಿ, ಸಾಲಾಗಿ ಕುಳಿತವರೆಲ್ಲರ ಎದುರಿಗೆ, "ಸಾಕು ಮಾರಾಯ, ಅವರು ಊಟ ಮಾಡಲಿ" ಎಂದುಬಿಟ್ಟೆನು. ಸಾರಿಗೆ ಕಲಸಿದ ಅನ್ನವನ್ನು ಬೆರಳಿನಿಂದ ಎಲೆಯ ಅಂಚಿಗೆ ಸರಿಸುತ್ತ, ಮಜ್ಜಿಗೆ ಬರುವವರೆಗೂ ಅವನು ತಲೆಯೆತ್ತಲಿಲ್ಲ. ಆಮೇಲೆ ಎಷ್ಟೋ ತಿಂಗಳು ಯಾರ ಮನೆಗೂ ಬರಲಿಲ್ಲ. ಅವನ ಕೊರತೆಗೆ ಅಭ್ಯಾಸವೊಂದೇ ಮದ್ದಾಗಿರಲು, ಆ ಅಭ್ಯಾಸದ ಅವಕಾಶವನ್ನೇ ನಾನು ಕಸಿದುಕೊಂಡಿದ್ದೆನು.

ಅಭ್ಯಾಸವೆಂಬ ಮಾತನ್ನು ಯೋಚಿಸಿಯೇ ಆಡಿದೆನು. ಆಕ್ಸ್‌ಫರ್ಡಿನ ಮನಶ್ಶಾಸ್ತ್ರಜ್ಞ ಮೈಕೇಲ್ ಆರ್ಗೈಲರು 1967ರ ತಮ್ಮ ಗ್ರಂಥದಲ್ಲಿ, ಜನರೊಡನೆ ಬೆರೆಯುವುದೂ ವಾಹನ ನಡೆಸುವಂತಹ ಒಂದು ಕೌಶಲವೆಂದು ನಿರೂಪಿಸಿದರು: ಎದುರಿನ ದಾರಿಯನ್ನು ನೋಡುತ್ತ ಕೈಯನ್ನು ತಿದ್ದಿಕೊಳ್ಳುವಂತೆ, ಎದುರಿನ ಮುಖವನ್ನು ನೋಡುತ್ತ ಮಾತನ್ನು ತಿದ್ದಿಕೊಳ್ಳುವುದು. ಅದೇ ವರ್ಷ ಸಂಶೋಧಕ ಆ್ಯಡಮ್ ಕೆಂಡನ್ ಅವರು, ದೀರ್ಘವಾಗಿ ಮಾತನಾಡುವವನು ಮಾತು ಮುಗಿಯುವ ಹೊತ್ತಿಗೆ ಸಾಮಾನ್ಯವಾಗಿ ಕೇಳುವವನ ಕಡೆಗೆ ಕಣ್ಣೆತ್ತುವನೆಂದು ತೋರಿಸಿಕೊಟ್ಟರು. ನನ್ನ ಗೆಳೆಯನು ಕಣ್ಣೆತ್ತುತ್ತಿರಲಿಲ್ಲ. ಅಹಂಕಾರವೆಂದು ನಾವು ಬಗೆದದ್ದು ಇಷ್ಟೇ ಆಗಿತ್ತು.

ನಾನು ಅವನಲ್ಲಿ ಕ್ಷಮೆ ಬೇಡಿದ ಬಹುಕಾಲದ ಮೇಲೆ, ಒಂದು ಸಂಜೆ ಕೆರೆಯ ಏರಿಯ ಮೇಲೆ, "ನನಗೆ ಹೊರಡುವ ಹೊತ್ತು ತಿಳಿಯುವುದಿಲ್ಲ, ನೀನು ಹೇಳುತ್ತೀಯಾ?" ಎಂದು ಅವನೇ ಕೇಳಿದನು. ನಾನು ಕೊಡೆಯನ್ನು ಕೈಗೆತ್ತಿಕೊಂಡರೆ ಎದ್ದೇಳತಕ್ಕದ್ದೆಂದು ಒಪ್ಪಂದವಾಯಿತು. ಬೇರಾರಿಗೂ ಅದು ತಿಳಿಯಲಿಲ್ಲ. ಅವನ ಗಟ್ಟಿಯಾದ ನಗುವನ್ನೂ, ಗುಂಪಿನಲ್ಲಿ ಬೇಗನೆ ದಣಿಯುವ ಸ್ವಭಾವವನ್ನೂ ತಿದ್ದಲು ನಾನು ಹೋಗಲಿಲ್ಲ. ಅವನು ಅದನ್ನು ಕೇಳಿರಲಿಲ್ಲ, ಅವು ಅವನವು.

ಆಪ್ತಸಮಾಲೋಚನೆಯಲ್ಲಿ ತೊಡಗಿರುವವರ ಈ ಸಭೆಯಲ್ಲಿ ಮಂಡಿತವಾಗಲಿರುವ ಪ್ರಬಂಧಗಳು ಇಂತಹ ಕೌಶಲದ ತರಬೇತಿಯ ಕ್ರಮಗಳನ್ನು ಚರ್ಚಿಸಲಿವೆ. ತಿದ್ದುವ ಮಾತನ್ನು ಯಾರು, ಎಲ್ಲಿ, ಯಾರ ಅನುಮತಿಯಿಂದ ಆಡುವರೆಂಬ ಪ್ರಶ್ನೆಯನ್ನು ಪ್ರತಿಯೊಂದು ಕ್ರಮದ ಮುಂದೆಯೂ ತಾವು ಇಡಬೇಕೆಂದು ಪ್ರಾರ್ಥಿಸುತ್ತೇನೆ.