ಬಾಯಿಗೆ ಬೀಗ ಹಾಕಿಸಿ ಎಂದು ಬರೆದ ಕಾಗದ

(ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯಲ್ಲಿ ದುಡಿಯುವ ಒಬ್ಬ ಕೆಲಸಗಾರ ರಜೆಯ ದಿನ, ತನ್ನ ಸ್ವಂತ ವೇಳೆಯಲ್ಲಿ, ಯಾವುದೋ ಸಾರ್ವಜನಿಕ ವಿಷಯದ ಮೇಲೆ ನಾಲ್ಕು ಮಾತು ಆಡಿದನೆಂದು ತಿಳಿಯೋಣ. ಮಾರನೆಯ ದಿನ ಒಬ್ಬ ಶಾಸಕರು ಗಿರಣಿ ಮಾಲಿಕರಿಗೆ ಕಾಗದ ಬರೆಯುತ್ತಾರೆ: ನಿಮ್ಮ ಆಳಿನ ಬಾಯಿ ಮುಚ್ಚಿಸಿ, ಅವನು ತನ್ನ ಕೆಲಸ ನೋಡಿಕೊಳ್ಳಲಿ ಎಂದು. ಆಗ ನಾವೇನು ಮಾಡುತ್ತೇವೆ? ಅವನು ಆಡಿದ ಮಾತು ನಮಗೆ ಹಿಡಿಸಿತೋ ಇಲ್ಲವೋ ಎಂದು ಅಳೆಯುತ್ತಾ ಕೂರುತ್ತೇವೆಯೆ? ಇಲ್ಲ. ಇಂದು ಅವನ ಸರದಿ, ನಾಳೆ ನಮ್ಮ ಸರದಿ ಎಂದು ತಿಳಿದು ಗೇಟಿನ ಮುಂದೆ ಸೇರುತ್ತೇವೆ.

ಇಂಥದೇ ಒಂದು ಕಾಗದವನ್ನು 2012ರ ಆಗಸ್ಟ್ 29ರಂದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಬರೆಯಲಾಯಿತು. ಬರೆದವರು ಅಲ್ಲಿನ ಶಾಸನ ಸಭೆಯ ಸದಸ್ಯರಾದ ಎಮೆಟ್ ಬರ್ನ್ಸ್. ಬರೆದದ್ದು ಬಾಲ್ಟಿಮೋರ್ ರೇವನ್ಸ್ ಎಂಬ ಫುಟ್‌ಬಾಲ್ ತಂಡದ ಮಾಲಿಕ ಸ್ಟೀವ್ ಬಿಶಾಟಿಯವರಿಗೆ. ಬಾಯಿ ಮುಚ್ಚಿಸಬೇಕಾಗಿದ್ದ ಆಳು ಆ ತಂಡದ ಆಟಗಾರ ಬ್ರೆಂಡನ್ ಅಯನ್‌ಬಡೇಜೊ.

ಅವರು ಮಾಡಿದ ಅಪರಾಧವೇನು? ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗಲು ಅವಕಾಶ ಕೊಡುವ ಕಾನೂನು ಆ ವರ್ಷ ಮೇರಿಲ್ಯಾಂಡಿನಲ್ಲಿ ಆಗಿತ್ತು. ವಿರೋಧಿಗಳು ಅದನ್ನು ಜನಮತಕ್ಕೆ ಎಳೆದಿದ್ದರು. ಅಯನ್‌ಬಡೇಜೊ ಕಾನೂನಿನ ಪರವಾಗಿ ಬಹಿರಂಗವಾಗಿ ನಿಂತರು. ಅವರು ಸ್ವತಃ ಸಲಿಂಗಿಯಲ್ಲ. ಆದರೂ 2009ರಿಂದಲೇ ಈ ಮಾತನ್ನು ಬರೆದು ಹೇಳುತ್ತ ಬಂದಿದ್ದರು.

ಅಯ್ಯಾ, ಅಮೆರಿಕದ ಆಟಗಾರರು ಲಕ್ಷಾಧೀಶರು, ಅವರು ಕೂಲಿಗಳು ಹೇಗಾದಾರು ಎಂದು ನೀವು ಕೇಳಬಹುದು. ಸಂಬಳ ದೊಡ್ಡದು, ನಿಜ. ಆದರೆ ತಂಡ ಮಾಲಿಕನ ಸ್ವತ್ತು. ಕರಾರು ಎಷ್ಟೇ ವರ್ಷದ್ದಾಗಲಿ, ಅದರ ಬಹುಭಾಗಕ್ಕೆ ಖಾತ್ರಿಯಿಲ್ಲ. ಬೇಡವೆಂದ ದಿನ ಆಟಗಾರನನ್ನು ಬಿಟ್ಟುಬಿಡಬಹುದು. ಮೈ ಗಟ್ಟಿಯಿರುವಷ್ಟು ವರ್ಷ ಮಾತ್ರ ದುಡಿಮೆ. 2011ರಲ್ಲಿ ಈ ಮಾಲಿಕರು ಮಾರ್ಚಿನಿಂದ ಜುಲೈವರೆಗೆ ಆಟಗಾರರ ಮೇಲೆ ಲಾಕೌಟ್ ಹೂಡಿದ್ದರು. ಲಾಕೌಟ್ ಎಂದರೇನೆಂದು ಈ ಸಭೆಗೆ ನಾವು ಅರ್ಥ ಹೇಳಬೇಕಾಗಿಲ್ಲ.

ಆ ಲಾಕೌಟ್ ಮುಗಿದಾಗ ಆಟಗಾರರ ಯೂನಿಯನ್ನಿಗೂ ಮಾಲಿಕರಿಗೂ ಒಪ್ಪಂದವಾಯಿತು. ಅದರಲ್ಲಿ ಒಂದು ಸಾಲಿದೆ, ನೆನಪಿಡಿ. ಜನಾಂಗ, ಧರ್ಮ, ಮೂಲದೇಶಗಳ ಕಾರಣದಿಂದ ಆಟಗಾರನಿಗೆ ಭೇದ ಮಾಡಕೂಡದು. ಯಾರನ್ನು ಪ್ರೀತಿಸುತ್ತಾನೆಂಬ ಲೈಂಗಿಕ ಒಲವಿನ ಕಾರಣದಿಂದಲೂ ಮಾಡಕೂಡದು. ಯೂನಿಯನ್ ಕೆಲಸ ಮಾಡಿದನೆಂಬ ಕಾರಣದಿಂದಲೂ ಮಾಡಕೂಡದು. ಒಂದೇ ಸಾಲಿನಲ್ಲಿ ಸಲಿಂಗಿಗೂ ಯೂನಿಯನ್ ಕಾರ್ಯಕರ್ತನಿಗೂ ರಕ್ಷಣೆ. ಇಬ್ಬರ ಭಯವೂ ಒಂದೇ: ಅನ್ನ ಹೋದೀತೆಂಬ ಭಯ.

ಇನ್ನು ಕಾಗದದ ಕಥೆಗೆ ಬರೋಣ. ಅದು ಬಯಲಿಗೆ ಬಂದೊಡನೆ ಮಿನೆಸೋಟಾ ವೈಕಿಂಗ್ಸ್ ತಂಡದ ಕ್ರಿಸ್ ಕ್ಲೂವಿ ಎಂಬ ಆಟಗಾರ ಶಾಸಕರಿಗೆ ಬಹಿರಂಗ ಉತ್ತರ ಬರೆದರು. ಇವರೂ ಸಲಿಂಗಿಯಲ್ಲ. ಎದುರಾಳಿ ತಂಡದವರು, ದೂರದ ರಾಜ್ಯದವರು. ಅವರು ಬಳಸಿದ ಬೈಗುಳಗಳನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕುವಂತಿಲ್ಲ. ಆದರೆ ಅದರ ತಿರುಳು ಸರಳವಾಗಿತ್ತು: ಬೇರೆ ಇಬ್ಬರು ಮದುವೆಯಾದರೆ ನಿಮ್ಮ ಗಂಟೇನು ಹೋಗುತ್ತದೆ, ಮತ್ತು ಶಾಸನ ಸಭೆಯಲ್ಲಿ ಕುಳಿತವರು ಪ್ರಜೆಯ ವಾಕ್‌ಸ್ವಾತಂತ್ರ್ಯವನ್ನು ಹೇಗೆ ಮರೆತಿರಿ ಎಂಬುದು.

ವಿಷಾದದ ಸಂಗತಿಯೆಂದರೆ ಆ ಶಾಸಕರು ಸಾಮಾನ್ಯರಲ್ಲ. ಸ್ವತಃ ಕಪ್ಪು ಜನಾಂಗದವರು. ಆ ಜನರ ನಾಗರಿಕ ಹಕ್ಕುಗಳಿಗಾಗಿ ದುಡಿದವರು. ತಾವು ತುಳಿತ ಉಂಡವರೂ ಇನ್ನೊಬ್ಬರ ತುಳಿತವನ್ನು ಕಾಣದೆ ಹೋಗಬಹುದೆಂಬುದಕ್ಕೆ ಇದು ನಿದರ್ಶನ. ಇದನ್ನು ಅವರನ್ನು ಹಂಗಿಸಲಿಕ್ಕೆ ಹೇಳುತ್ತಿಲ್ಲ. ನಮ್ಮನ್ನು ನಾವು ನೋಡಿಕೊಳ್ಳಲಿಕ್ಕೆ ಹೇಳುತ್ತಿದ್ದೇವೆ.

ತಂಡದ ಆಡಳಿತ ತನ್ನ ಆಟಗಾರನ ಮಾತಿನ ಹಕ್ಕನ್ನು ಎತ್ತಿ ಹಿಡಿಯಿತು. ಶಾಸಕರೂ ಕೆಲವೇ ದಿನಗಳಲ್ಲಿ ಹಿಂದೆ ಸರಿದು, ಅವರಿಗೆ ಮಾತಾಡುವ ಹಕ್ಕಿದೆ ಎಂದು ಒಪ್ಪಿಕೊಂಡರು. ನವೆಂಬರ್ 6ರಂದು ಮತದಾನವಾದಾಗ ಮೇರಿಲ್ಯಾಂಡಿನ ಜನ ಶೇಕಡಾ 52ಕ್ಕಿಂತ ಹೆಚ್ಚು ಮತಗಳಿಂದ ಕಾನೂನನ್ನು ಉಳಿಸಿದರು. ಅದೇ ದಿನ ಮಿನೆಸೋಟಾದ ಜನ, ಇಂಥ ಮದುವೆಯನ್ನು ರಾಜ್ಯದ ಸಂವಿಧಾನದಲ್ಲೇ ನಿಷೇಧಿಸುವ ತಿದ್ದುಪಡಿಯನ್ನು ತಿರಸ್ಕರಿಸಿದರು. ಆ ತಿದ್ದುಪಡಿಯ ವಿರುದ್ಧ ಕ್ಲೂವಿ ಊರೂರಿಗೆ ಕೇಳುವಂತೆ ಪ್ರಚಾರ ಮಾಡಿದ್ದರು.

ಇಲ್ಲಿಗೆ ಶುಭಂ ಎಂದು ಹೇಳಿಬಿಟ್ಟರೆ ಅದು ಸುಳ್ಳಾಗುತ್ತದೆ. 2013ರ ಏಪ್ರಿಲಿನಲ್ಲಿ ಅಯನ್‌ಬಡೇಜೊ ಅವರನ್ನು ತಂಡ ಬಿಟ್ಟಿತು. ಆಗ ಅವರಿಗೆ 36 ವರ್ಷ. ಮೇ ತಿಂಗಳಲ್ಲಿ, ಎಂಟು ವರ್ಷ ಆಡಿದ್ದ ಕ್ಲೂವಿಯವರನ್ನೂ ಅವರ ತಂಡ ಬಿಟ್ಟಿತು. ನನ್ನ ಮಾತಿಗಾಗಿಯೇ ತೆಗೆದರು ಎಂದು ಕ್ಲೂವಿ ದೂರಿದರು. ತಂಡ ನೇಮಿಸಿದ ವಿಚಾರಣೆಯು, ಆಟದ ಕಾರಣಕ್ಕೆ ತೆಗೆದದ್ದು ಎಂದಿತು. ಆದರೆ ಒಬ್ಬ ತರಬೇತುದಾರ ಸಲಿಂಗಿಗಳ ಬಗ್ಗೆ ನೀಚ ಮಾತು ಆಡಿದ್ದು ನಿಜವೆಂದು ಅದೇ ವಿಚಾರಣೆಯಲ್ಲಿ ಹೊರಬಿತ್ತು. ಅವನಿಗೆ ಅಮಾನತು ಆಯಿತು. 2014ರಲ್ಲಿ ರಾಜಿಯಾದಾಗ ಕ್ಲೂವಿ ತಮಗೆಂದು ಹಣ ಪಡೆಯಲಿಲ್ಲ. ಸಲಿಂಗಿಗಳ ಹಕ್ಕಿಗಾಗಿ ದುಡಿಯುವ ಸಂಸ್ಥೆಗಳಿಗೆ ತಂಡದಿಂದ ಹಣ ಕೊಡಿಸಿದರು. ಕೆಲಸದಿಂದ ತೆಗೆದ ನಿಜವಾದ ಕಾರಣವನ್ನು ರುಜುವಾತು ಮಾಡುವುದು ಎಷ್ಟು ಕಷ್ಟವೆಂದು, ಕೈಯಲ್ಲಿ ನೋಟೀಸು ಹಿಡಿದು ನಿಂತ ನಮ್ಮವರಿಗೆ ಗೊತ್ತೇ ಇದೆ.

ಆದರೂ ದಾರಿ ತೆರೆಯಿತು. ಆ ಮಹಾ ಲೀಗಿನಲ್ಲಿ, ತಾನು ಸಲಿಂಗಿಯೆಂದು ಹೇಳಿಕೊಂಡು ಪಂದ್ಯ ಆಡಿದ ಮೊದಲ ಆಟಗಾರ ಕಾರ್ಲ್ ನಾಸಿಬ್. ಅದು 2021ರ ಮಾತು. ಮೊದಲು ಪಕ್ಕದವರು ಬಾಯಿ ಬಿಟ್ಟರು. ಆಮೇಲೆ ನೊಂದವನಿಗೆ ಬಾಯಿ ಬಂತು.

ಈ ಸಭೆಗೆ ಬರುವಾಗ ಹಿರಿಯ ಕೆಲಸಗಾರರೊಬ್ಬರು ನಮ್ಮನ್ನು ತಡೆದು ಕೇಳಿದರು: "ಅಲ್ರೀ, ತುಟ್ಟಿಭತ್ಯೆ ಮಾತು ಬಿಟ್ಟು ಇದೆಲ್ಲ ನಮಗ್ಯಾಕೆ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೆ?" ಅವರಿಗೆ ನಮ್ಮ ಉತ್ತರ ಇದು: ಹಿರಿಯರೆ, ಇದು ಜುಟ್ಟಿನ ಮಾತಲ್ಲ, ಹಿಟ್ಟಿನದೇ ಮಾತು. ತಾನು ಇಂಥವನೆಂದು ತಿಳಿದರೆ ಕೆಲಸ ಹೋಗುತ್ತದೆ, ಬಾಡಿಗೆ ಮನೆ ಹೋಗುತ್ತದೆ ಎಂದು ಹೆದರಿ ಬಾಳುವವನು ಕೂಲಿ ಹೆಚ್ಚಿಸಿರೆಂದು ಹೇಗೆ ಕೇಳಿಯಾನು? ಅವನ ಗುಟ್ಟು ಮೇಸ್ತ್ರಿಯ ಕೈಗೆ ಸಿಕ್ಕರೆ ಅವನು ಮೇಸ್ತ್ರಿಯ ಗುಲಾಮ. ವ್ಯಾಪಾರಿ ಬಂಧುಗಳೂ ಕೇಳಿ. ಸಗಟು ವ್ಯಾಪಾರಿ ಉದ್ರಿ ನಿಲ್ಲಿಸಿಯಾನೆಂಬ ಹೆದರಿಕೆಯಿಂದ ಎಷ್ಟು ಸಾರಿ ನೀವು ಮನಸ್ಸಿನ ಮಾತನ್ನು ನುಂಗಿಕೊಂಡಿಲ್ಲ?

ದೂರದ ಮಾತು ಸಾಕೆಂದರೆ ನಮ್ಮ ದೇಶಕ್ಕೇ ಬರೋಣ. ಒಡಿಶಾದ ಜಾಜ್‌ಪುರ ಜಿಲ್ಲೆಯ ನೇಕಾರರ ಮನೆಯ ಮಗಳು ದ್ಯುತಿ ಚಂದ್. ಮಗ್ಗದ ಗಳಿಕೆಯಲ್ಲಿ ದೊಡ್ಡ ಸಂಸಾರ ಸಾಗಿಸುವುದೆಂದರೇನೆಂದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಮೈಯಲ್ಲಿ ಸಹಜವಾಗಿಯೇ ಗಂಡಸಿನ ಹಾರ್ಮೋನು ಹೆಚ್ಚಿದೆಯೆಂದು 2014ರಲ್ಲಿ ಆ ಹುಡುಗಿಯನ್ನು ಓಟದಿಂದ ಹೊರಗಿಟ್ಟರು. ಆಕೆ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಲಿಗೆ ಹೋಗಿ 2015ರಲ್ಲಿ ಗೆದ್ದು ಬಂದರು. 2018ರ ಏಷ್ಯನ್ ಕ್ರೀಡೆಗಳಲ್ಲಿ ಎರಡು ಬೆಳ್ಳಿ ಪದಕ ತಂದರು. ಅದೇ ವರ್ಷ ಸೆಪ್ಟೆಂಬರ್ 6ರಂದು ನಮ್ಮ ಸುಪ್ರೀಂ ಕೋರ್ಟು, ವಯಸ್ಕರು ಪರಸ್ಪರ ಒಪ್ಪಿ ಇಟ್ಟುಕೊಂಡ ಸಲಿಂಗ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತಿತು. 2019ರ ಮೇ ತಿಂಗಳಲ್ಲಿ ದ್ಯುತಿ, ತಾನು ಊರಿನ ಒಬ್ಬ ಯುವತಿಯನ್ನು ಪ್ರೀತಿಸುತ್ತಿದ್ದೇನೆಂದು ಲೋಕಕ್ಕೆ ಹೇಳಿದರು. ಮನೆಯವರೇ ಬಹಿರಂಗವಾಗಿ ವಿರೋಧಿಸಿದರು. ಆಕೆ ಮಾತು ಹಿಂತೆಗೆದುಕೊಳ್ಳಲಿಲ್ಲ. ಜುಲೈಯಲ್ಲಿ ಇಟಲಿಯ ನೇಪಲ್ಸಿನಲ್ಲಿ ವಿಶ್ವ ವಿಶ್ವವಿದ್ಯಾಲಯಗಳ ಕ್ರೀಡೆಯಲ್ಲಿ 100 ಮೀಟರ್ ಓಡಿ ಚಿನ್ನ ಗೆದ್ದರು. 2023ರಲ್ಲಿ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಆಕೆಗೆ ನಾಲ್ಕು ವರ್ಷದ ನಿಷೇಧವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆ ಲೆಕ್ಕ ಬೇರೆ, ಈ ಲೆಕ್ಕ ಬೇರೆ. 2019ರಲ್ಲಿ ತೋರಿದ ಧೈರ್ಯ ಅದರಿಂದ ಕಡಿಮೆಯಾಗದು.

ಆದರೆ ಒಂದು ವ್ಯತ್ಯಾಸ ಗಮನಿಸಿ. ಅಲ್ಲಿ ಆಟಗಾರನ ಬೆನ್ನಿಗೆ ಯೂನಿಯನ್ನಿನ ಒಪ್ಪಂದದ ಒಂದು ಸಾಲಿತ್ತು. ಇಲ್ಲಿ ನೇಕಾರರ ಮಗಳು ಮನೆಯವರನ್ನೂ ಎದುರು ಹಾಕಿಕೊಂಡು ನಿಲ್ಲಬೇಕಾಯಿತು. ಕೋರ್ಟು ಜೈಲಿನ ಭಯವನ್ನು ತೆಗೆದಿದೆ. 2023ರ ಅಕ್ಟೋಬರಿನಲ್ಲಿ ಮದುವೆಯ ಮಾತು ಬಂದಾಗ ಅದು ಪಾರ್ಲಿಮೆಂಟಿನ ಕೆಲಸವೆಂದು ಕೈ ತೊಳೆದುಕೊಂಡಿತು. ಕೆಲಸದ ಜಾಗದ ಭಯವನ್ನು ತೆಗೆಯತಕ್ಕವರು ನಾವು.

ನಮ್ಮ ಪಾಳಿಯಲ್ಲಿ, ನಮ್ಮ ಅಂಗಡಿ ಸಾಲಿನಲ್ಲಿ ಅಂಥವನೊಬ್ಬ, ಅಂಥವಳೊಬ್ಬಳು ಇದ್ದೇ ಇರುತ್ತಾರೆ. ಚಹದಂಗಡಿಯಲ್ಲಿ ಅವರನ್ನು ಕುರಿತು ನಗೆಯಾಡುವಾಗ ಅವರೂ ಹೆದರಿ ನಮ್ಮ ಜೊತೆ ನಗುತ್ತಿರಬಹುದು. ಮೊದಲು ಆ ನಗೆಯನ್ನು ನಿಲ್ಲಿಸೋಣ. ಬರುವ ಬೇಡಿಕೆ ಪಟ್ಟಿಯಲ್ಲಿ ತುಟ್ಟಿಭತ್ಯೆಯ ಕೆಳಗೆ ಆ ಒಂದು ಸಾಲನ್ನೂ ಬರೆಯೋಣ. ಮಾಲಿಕರು ನಕ್ಕಾರು. ಎಂಟು ಗಂಟೆಯ ದುಡಿಮೆ ಕೇಳಿದಾಗಲೂ ನಕ್ಕಿದ್ದರು.