ಮೆಟ್ಟಿಲು ಎಷ್ಟು ಎಂದು ಮೊದಲೇ ಕೇಳೋಣ
(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಪ್ರತಿ ಸಲ ನಾವು ಬಂದಾಗ ಉಳಿತಾಯ, ಸಾಲ, ಮರುಪಾವತಿ ಎಂದೇ ಮಾತಾಡ್ತೇವೆ. ಇವತ್ತು ಅದನ್ನು ಬದಿಗಿಟ್ಟು ಒಂದು ಪ್ರವಾಸದ ಅನುಭವ ಹೇಳ್ತೇವೆ. ಕೇಳಿದ ಮೇಲೆ ನಿಮ್ಮ ನಿಮ್ಮ ಸಂಘದಲ್ಲಿ ಚರ್ಚೆ ಮಾಡಿ.

2025ರ ಮೇ ತಿಂಗಳಲ್ಲಿ ನಾವು, ನಮ್ಮ ಅಕ್ಕ, ತಮ್ಮ ಮತ್ತು ಅವನ ಹೆಂಡತಿ ಯುರೋಪಿನ ಆಸ್ಟ್ರಿಯಾ ದೇಶದ ರಾಜಧಾನಿ ವಿಯೆನ್ನಾಕ್ಕೆ ಹೋಗಿದ್ದೆವು. ತಮ್ಮನ ಮಗಳು ಅಲ್ಲಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಳೆ. "ದೊಡ್ಡತ್ತೆ ಬಂದರೆ ಮಾತ್ರ ಟಿಕೆಟ್ ಕಳಿಸ್ತೇನೆ" ಎಂದು ಅವಳದ್ದೇ ಹಟ.

ಅಕ್ಕನಿಗೆ ಈಗ 64 ವರ್ಷ. ಮೂರನೇ ವಯಸ್ಸಿನಲ್ಲಿ ಪೋಲಿಯೋ ಬಂತು. ಬಹಳ ವರ್ಷ ಕ್ಯಾಲಿಪರ್ ಹಾಕಿ ನಡೆದಳು, ಈಗ ಗಾಲಿಕುರ್ಚಿ. ಹೊಲಿಗೆ ಮಾಡಿ ತನ್ನ ಖರ್ಚು ತಾನೇ ನೋಡಿಕೊಳ್ಳುವವಳು. ಆದರೆ ಮದುವೆಗೆ ಕರೆದರೂ "ನೀವು ಹೋಗಿ ಬನ್ನಿ, ನನ್ನಿಂದ ನಿಮಗೆ ಯಾಕೆ ತೊಂದರೆ" ಎನ್ನುವ ಅಭ್ಯಾಸ. ನಿಮ್ಮ ಮನೆಯಲ್ಲೂ ಇಂಥ ಮಾತು ಕೇಳಿರ್ತೀರಿ, ಅಲ್ವಾ?

ವಿಮಾನ ಪ್ರಯಾಣ ಸುಲಭವಾಯ್ತು. ಐರೋಪ್ಯ ಒಕ್ಕೂಟದ ವಿಮಾನ ನಿಲ್ದಾಣಗಳಲ್ಲಿ 48 ಗಂಟೆ ಮುಂಚೆ ತಿಳಿಸಿದರೆ ವಿಕಲಚೇತನರಿಗೆ ಉಚಿತವಾಗಿ ಸಹಾಯ ಕೊಡಬೇಕೆಂಬ ಕಾನೂನಿದೆ. ಟಿಕೆಟ್ ಮಾಡುವಾಗಲೇ ಹೇಳಿದ್ದರಿಂದ ಬಾಗಿಲಲ್ಲೇ ಜನ ಕಾದಿದ್ದರು.

ಪೆಟ್ಟು ಬಿದ್ದದ್ದು ಉಳಿದುಕೊಳ್ಳುವ ಮನೆಯಲ್ಲಿ. ಬಾಡಿಗೆಗೆ ಹಿಡಿಯುವಾಗ "ಲಿಫ್ಟ್ ಇದೆಯಾ?" ಎಂದು ನಾವೇ ಕೇಳಿದ್ದೆವು. "ಇದೆ" ಎಂದಿದ್ದರು. ಅದು ಸುಳ್ಳಲ್ಲ. ಆದರೆ ಬೀದಿ ಬಾಗಿಲಿನಿಂದ ಲಿಫ್ಟಿನ ತನಕ ಐದು ಮೆಟ್ಟಿಲು! ವಿಯೆನ್ನಾದ ಎಷ್ಟೋ ಹಳೇ ಕಟ್ಟಡಗಳು ಹಾಗೇ ಇವೆ. ಒಳಗೆ ಬಂದು ಕೆಲವು ಮೆಟ್ಟಿಲು ಹತ್ತಿದ ಮೇಲೆಯೇ ಲಿಫ್ಟ್. ರಾತ್ರಿ ಹೊತ್ತು, ಎಲ್ಲರಿಗೂ ಸುಸ್ತು. ತಮ್ಮ ಒಂದು ಕಡೆ, ನಾವು ಒಂದು ಕಡೆ ಹಿಡಿದು, ಅಕ್ಕನನ್ನು ಒಂದು ಮಾತೂ ಕೇಳದೆ, ಕುರ್ಚಿ ಸಮೇತ ಎತ್ತಿಬಿಟ್ಟೆವು. ಕುರ್ಚಿ ವಾಲಿತು. ಅಕ್ಕ ಹೆದರಿ ಕಿರುಚಿದಳು.

ಮೇಲೆ ಹೋದ ಮೇಲೆ ಹೇಳಿದಳು: "ನಾನೇನು ಅಕ್ಕಿ ಮೂಟೆಯಾ? ಎತ್ತುವ ಮೊದಲು ಒಂದು ಮಾತು ಕೇಳಬಾರದಾ? ನಾಳೆಯಿಂದ ನೀವು ಸುತ್ತಾಡಿ. ನಾನು ಇಲ್ಲೇ ಇರ್ತೇನೆ."

ಸಹೋದರಿಯರೇ, ನಾವು ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. "ವಿಕಲಚೇತನರ ಘನತೆ" ಎಂದು ಎಷ್ಟೋ ತರಬೇತಿ ಕೊಟ್ಟವರು. ಆ ರಾತ್ರಿ ನಮಗೆ ತಲೆ ಎತ್ತಲಾಗಲಿಲ್ಲ.

ಬೆಳಿಗ್ಗೆ ಅಕ್ಕನ ಹತ್ತಿರ ಕ್ಷಮೆ ಕೇಳಿದೆವು. ಮಗಳು ನಗರದ ನಕ್ಷೆಯನ್ನು ಅವಳ ಕೈಗೇ ಕೊಟ್ಟು, "ದೊಡ್ಡತ್ತೆ, ಎಲ್ಲಿಗೆ ಹೋಗಬೇಕು ಅಂತ ನೀವೇ ಹೇಳಿ" ಎಂದಳು. ಅದೇ ದಿನ ಬೀದಿಯಿಂದ ಮಂಚದ ತನಕ ಒಂದೂ ಮೆಟ್ಟಿಲಿಲ್ಲದ ಬೇರೆ ಕೋಣೆಯನ್ನೂ ಹುಡುಕಿದಳು. ಖರ್ಚು ಸ್ವಲ್ಪ ಜಾಸ್ತಿಯಾಯ್ತು. ಕೇಳದೆ ಇದ್ದದ್ದಕ್ಕೆ ತೆತ್ತ ದಂಡ ಅದು.

ಆಮೇಲೆ ನೋಡಿ, ಊರು ನಮಗೆ ತೆರೆದುಕೊಂಡಿತು. ವಿಕಲಚೇತನರಿಗೆ ಅನುಕೂಲ ಮಾಡಿಕೊಡುವ ನಗರಗಳಿಗೆ ಯುರೋಪಿಯನ್ ಕಮಿಷನ್ ಪ್ರತಿ ವರ್ಷ ಒಂದು ಪ್ರಶಸ್ತಿ ಕೊಡ್ತದೆ. 2025ರ ಪ್ರಶಸ್ತಿ ವಿಯೆನ್ನಾಕ್ಕೆ ಬಂದಿದೆ. ಅಲ್ಲಿನ ಮೆಟ್ರೋ ನಿಲ್ದಾಣಗಳಲ್ಲೆಲ್ಲ ಮೆಟ್ಟಿಲು ಹತ್ತದೆ ಹೋಗಬಹುದು. ಕಣ್ಣು ಕಾಣದವರು ಕೋಲಿನಿಂದ ದಾರಿ ತಿಳಿಯಲು ನೆಲದಲ್ಲಿ ಉಬ್ಬು ಗೆರೆಗಳಿವೆ. ಬಸ್ಸಿಗೆ ಹತ್ತಬೇಕಾದರೆ ಚಾಲಕನೇ ಇಳಿದು ಬಂದು ಇಳಿಜಾರು ಹಲಗೆ ಬಿಡಿಸಿ ಹಾಕ್ತಾನೆ. ರಸ್ತೆ ಮೇಲೆ ಓಡುವ ಟ್ರಾಮ್ ಗಾಡಿಗಳಲ್ಲಿ ತಗ್ಗು ನೆಲದ ಗಾಡಿಗಳಿವೆ. ಅವುಗಳ ಬಾಗಿಲು ನೆಲದಿಂದ ಒಂದು ಗೇಣೂ ಎತ್ತರವಿಲ್ಲ.

ಇದೆಲ್ಲ ಮೊದಲೇ ಇತ್ತು ಅಂದುಕೊಳ್ಳಬೇಡಿ. ಅಲ್ಲಿ ಮೆಟ್ರೋ ಶುರುವಾದದ್ದು 1978ರಲ್ಲಿ. ಆಗ ಎಷ್ಟೋ ನಿಲ್ದಾಣಗಳಲ್ಲಿ ಲಿಫ್ಟ್ ಇರಲಿಲ್ಲ. ಜನ ಕೇಳಿದರು, ನಗರದವರು ಒಂದೊಂದಾಗಿ ಸೇರಿಸುತ್ತಾ ಬಂದರು. ಇನ್ನೊಂದು ವಿಷಯ ನಾವು ಗಮನಿಸಿದೆವು. ಲಿಫ್ಟಿನ ಮುಂದೆ ಸಾಲು ನಿಂತವರಲ್ಲಿ ಗಾಲಿಕುರ್ಚಿಯವರು ಕಡಿಮೆ. ಮಗುವಿನ ತಳ್ಳುಗಾಡಿ ಹಿಡಿದ ತಾಯಂದಿರು, ಮೊಣಕಾಲು ನೋವಿನ ಅಜ್ಜಿಯರು, ಸಾಮಾನು ಹೊತ್ತವರೇ ಜಾಸ್ತಿ. ಒಬ್ಬರಿಗೆ ಎಂದು ಮಾಡಿದ್ದು ಎಲ್ಲರಿಗೂ ಆಯ್ತು.

ಎಲ್ಲವೂ ಸರಿ ಇದೆ ಎಂದಲ್ಲ. ಹಳೇ ಬೀದಿಗಳಲ್ಲಿ ಕಲ್ಲು ಹಾಸು, ಕುರ್ಚಿ ಗಡಗಡ ಕುಲುಕುತ್ತದೆ. ಕೆಲವು ಅಂಗಡಿಗಳ ಬಾಗಿಲಲ್ಲಿ ಒಂದೇ ಒಂದು ಮೆಟ್ಟಿಲು, ಆದರೆ ಆ ಒಂದೇ ಸಾಕು ತಡೆಯಲು. ಶೌಚಾಲಯದ ಚಿಂತೆ ಹೆಂಗಸರಿಗೆ ಗೊತ್ತಲ್ಲ! ಅಲ್ಲಿ ವಿಕಲಚೇತನರ ಶೌಚಾಲಯಗಳಿಗೆ 'ಯೂರೋ ಕೀ' ಎಂಬ ಒಂದೇ ಬೀಗದಕೈ ಇದೆ. 1986ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ಊರಿನಲ್ಲಿ ವಿಕಲಚೇತನರ ಸಂಘವೇ ಶುರು ಮಾಡಿದ್ದು. ಈಗ ಅದೊಂದರಿಂದಲೇ ಹಲವು ದೇಶಗಳಲ್ಲಿ ಸಾವಿರಾರು ಬಾಗಿಲು ತೆರೆಯುತ್ತವೆ. ನಮ್ಮ ಹತ್ತಿರ ಅದು ಇರಲಿಲ್ಲ. ಹಾಗಾಗಿ ವಸ್ತುಸಂಗ್ರಹಾಲಯ, ದೊಡ್ಡ ಅಂಗಡಿ ನೋಡಿಕೊಂಡೇ ದಾರಿ ಹಾಕಿದೆವು.

ಸೇಂಟ್ ಸ್ಟೀಫನ್ ಕೆಥೆಡ್ರಲ್‌ನ ದಕ್ಷಿಣ ಗೋಪುರಕ್ಕೆ 343 ಮೆಟ್ಟಿಲು, ಲಿಫ್ಟ್ ಇಲ್ಲ. ಅಕ್ಕನೇ ನಗುತ್ತಾ, "ಹೋಗಿ, ನಿಮ್ಮ ಮೊಣಕಾಲು ಪರೀಕ್ಷೆ ಆಗಲಿ. ನಾನು ಕೆಳಗೆ ಕಾಫಿ ಕುಡೀತೇನೆ" ಎಂದಳು. ಮನೆಯಲ್ಲೇ ಇರ್ತೇನೆ ಎಂದಿದ್ದಕ್ಕೂ ಇದಕ್ಕೂ ವ್ಯತ್ಯಾಸ ನೋಡಿ. ಅದು ಸೋತು ಆಡಿದ ಮಾತು, ಇದು ಅವಳೇ ಆರಿಸಿಕೊಂಡದ್ದು.

ಕೊನೆಯ ದಿನ ಪ್ರಾಟರ್ ಎಂಬ ಉದ್ಯಾನಕ್ಕೆ ಹೋದೆವು. ಅಲ್ಲಿ 1897ರಲ್ಲಿ ಕಟ್ಟಿದ ಜೈಂಟ್ ವೀಲ್ ಇದೆ, ಸುಮಾರು 65 ಮೀಟರ್ ಎತ್ತರ. ಒಂದೊಂದು ಡಬ್ಬಿಯೂ ಸಣ್ಣ ಕೋಣೆಯ ಹಾಗೆ. ಗಾಲಿಕುರ್ಚಿ ಸೀದಾ ಒಳಗೆ ಹೋಯ್ತು. ಸಣ್ಣವರಿದ್ದಾಗ ಜಾತ್ರೆಯಲ್ಲಿ ನಾವೆಲ್ಲ ತೊಟ್ಟಿಲು ಹತ್ತುವಾಗ ಅಕ್ಕ ಕೆಳಗೆ ಕೂತು ನಮ್ಮ ಚಪ್ಪಲಿ ಕಾಯುತ್ತಿದ್ದಳು. ಮೇಲೆ ಹೋದಾಗ ಊರಿಡೀ ಕಂಡಿತು. ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಮತ್ತೆ, "ಇವತ್ತು ಚಪ್ಪಲಿ ಯಾರು ಕಾಯ್ತಾರೆ?" ಎಂದಳು. ನಮ್ಮೆಲ್ಲರ ಕಣ್ಣು ತುಂಬಿ ಬಂತು.

ಸಹೋದರಿಯರೇ, ನಿಮ್ಮ ಸಂಘಗಳೂ ವರ್ಷಕ್ಕೊಮ್ಮೆ ಪ್ರವಾಸ ಹೋಗ್ತವೆ. ಆಗ ಈ ನಾಲ್ಕು ವಿಷಯ ನೆನಪಿಡಿ:

1. "ಅನುಕೂಲ ಇದೆಯಾ?" ಎಂದು ಕೇಳಬೇಡಿ. "ರಸ್ತೆಯಿಂದ ಮಂಚದ ತನಕ ಎಷ್ಟು ಮೆಟ್ಟಿಲು, ಬಾಗಿಲು ಎಷ್ಟು ಅಗಲ, ಶೌಚಾಲಯ ಎಲ್ಲಿ?" ಎಂದು ಕೇಳಿ. ಆದರೆ ಫೋಟೋ ತರಿಸಿಕೊಳ್ಳಿ.
2. ದಿನಕ್ಕೆ ಎರಡೇ ಜಾಗ ಇಟ್ಟುಕೊಳ್ಳಿ. ನಡುವೆ ವಿಶ್ರಾಂತಿ ಬೇಕು.
3. ಮುಟ್ಟುವ ಮೊದಲು, ಎತ್ತುವ ಮೊದಲು ಅವರನ್ನೇ ಕೇಳಿ.
4. ಎಲ್ಲಿಗೆ ಹೋಗುವುದು ಎಂದು ತೀರ್ಮಾನಿಸುವಾಗ ಅವರೂ ಕೂತಿರಲಿ.

ನಮ್ಮ ದೇಶದಲ್ಲೂ 2016ರಲ್ಲಿ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದಿದೆ. ಕಟ್ಟಡ, ಸಾರಿಗೆ ಎಲ್ಲರಿಗೂ ಸಿಗಬೇಕೆಂದು ಅದು ಹೇಳ್ತದೆ. ಆದರೆ ಕೇಳುವವರು ಬೇಕು. ಅಕ್ಕನ ಕಾಲು ಅಂದೂ ಹಾಗೇ ಇತ್ತು, ಇಂದೂ ಹಾಗೇ ಇದೆ. ಅವಳನ್ನು ತಡೆದದ್ದು ಆ ಐದು ಮೆಟ್ಟಿಲು, ಮತ್ತೆ ಕೇಳದೆ ಹೋದ ನಾವು.

ಈಗ ನೀವು ಹೇಳಿ. ನಿಮ್ಮ ಸಂಘ ಸಭೆ ಸೇರುವ ಜಾಗಕ್ಕೆ ಎಷ್ಟು ಮೆಟ್ಟಿಲು? ಅದರಿಂದಾಗಿ ಯಾರು ಮನೆಯಲ್ಲೇ ಉಳಿದಿದ್ದಾರೆ?