ಅವ್ವನ ಬನಾರಸಿ ಸೀರೆಗೆ ಕತ್ತರಿ ಹಾಕಿದ್ದು

(ಮಹಿಳಾ ವೇದಿಕೆಯ ಆನ್‌ಲೈನ್ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ)

ಹಳೆ ಸೀರೆಯಿಂದ ಸುಲಭವಾಗಿ ಏನಾದರೂ ಹೊಲಿಯುವುದನ್ನು ಹೇಳಿಕೊಡಿ ಎಂದು ಕಾರ್ಯದರ್ಶಿಯವರು ಕೇಳಿದಾಗ ಒಪ್ಪಿಕೊಂಡುಬಿಟ್ಟೆ. ನಾನೇನು ಟೈಲರಿಂಗ್ ಕಲಿತವಳಲ್ಲ. ಸೀರೆಗೆ ಫಾಲ್ ಹಚ್ಚುತ್ತೇನೆ, ದಿಂಬಿನ ಕವರ್ ಹೊಲಿಯುತ್ತೇನೆ, ಅಷ್ಟೇ. ಆದರೆ ಎರಡು ವರ್ಷದ ಹಿಂದೆ ನಮ್ಮ ಅವ್ವನ ಬನಾರಸಿ ಸೀರೆಗೆ ಧೈರ್ಯ ಮಾಡಿ ಕತ್ತರಿ ಹಾಕಿದೆ. ಅದನ್ನೇ ಹೇಳುತ್ತೇನೆ.

1978ರಲ್ಲಿ ಅಪ್ಪ, ಅವ್ವ ಗದಗಿನಿಂದ ಕಾಶಿಯಾತ್ರೆಗೆ ಬಂದಿದ್ದರು. ಜಂಗಮವಾಡಿ ಮಠದಲ್ಲಿ ಇಳಿದುಕೊಂಡು, ಗಂಗಾಸ್ನಾನ, ವಿಶ್ವನಾಥನ ದರ್ಶನ ಮುಗಿಸಿ, ಹೊರಡುವ ದಿನ ಅಪ್ಪ ಈ ಸೀರೆ ಕೊಡಿಸಿದರಂತೆ. ಕುಂಕುಮದ ಬಣ್ಣದ ಒಡಲು, ಮೈತುಂಬ ಮಾವಿನಕಾಯಿ ಬುಟ್ಟಾ. ಅವ್ವ ಅದನ್ನು ಉಟ್ಟದ್ದು ಐದಾರು ಸಲ ಇರಬಹುದು. ಉಳಿದ ದಿನವೆಲ್ಲ ಅದು ಪ್ಲಾಸ್ಟಿಕ್ ಚೀಲದೊಳಗೆ, ನುಸಿಗುಳಿಗೆ ಜೊತೆ, ಟ್ರಂಕಿನ ತಳದಲ್ಲಿ. ಅವ್ವ ತೀರಿಕೊಂಡ ಮೇಲೆ ನಾವು ಮೂವರು ಮಕ್ಕಳು ತೆಗೆದು ನೋಡಿದರೆ, ಮಡಿಕೆ ಬಿದ್ದಲ್ಲೆಲ್ಲ ಸೀರೆ ಸೀಳಿತ್ತು. ಜರಿ ಕಪ್ಪಾಗಿತ್ತು. ಉಟ್ಟು ಹರಿದದ್ದಲ್ಲ, ಇಟ್ಟು ಹರಿದದ್ದು.

ಅಕ್ಕ ಅಂದಳು, "ಮುಟ್ಟಿದ್ರ ಹರೀತೈತಿ. ಜರಿ ಕೊಳ್ಳಾವ್ರಿಗೆ ಕೊಟ್ಟು, ಬಂದ ರೊಕ್ಕ ಮೂರು ಪಾಲು ಮಾಡೋಣು." ಹಳೆ ಸೀರೆ ಕೊಳ್ಳುವವರು ನಿಮಗೂ ಗೊತ್ತು. ಹಿಂದಿನ ಅಸಲಿ ಜರಿ ಎಂದರೆ ರೇಷ್ಮೆ ಎಳೆಗೆ ಬೆಳ್ಳಿಯ ತೆಳು ತಂತಿ ಸುತ್ತಿ, ಮೇಲೆ ಚಿನ್ನದ ನೀರು ಕೊಟ್ಟದ್ದು. ಸೀರೆ ಸುಟ್ಟರೆ ಬೆಳ್ಳಿ ಉಳಿಯುತ್ತದೆ. ತಂಗಿಗೆ ಸಿಟ್ಟು ಬಂತು, "ಅವ್ವನ ಸೀರಿ ಸುಡಾಕ ಕೊಡ್ತೀಯೇನಕ್ಕಾ?" ಅಂದಳು. "ಹಂಗಾದ್ರ ನೀನ ಒಯ್ಯಿ" ಅಂದರೆ ಅವಳೂ ಒಯ್ಯಲಿಲ್ಲ. ಇಬ್ಬರಿಗೂ ಮಾತು ನಿಂತಿತು. ಕೊನೆಗೆ ನಾನು ಅದನ್ನು ಹಳೆ ಧೋತರದಲ್ಲಿ ಸುತ್ತಿಕೊಂಡು ಇಲ್ಲಿಗೆ ತಂದೆ.

ಸಾರನಾಥದ ಸುತ್ತಮುತ್ತ ನೇಕಾರರ ಮನೆಗಳಿವೆ. ನಮಗೆ ಪರಿಚಯದ ಒಬ್ಬ ಹಿರಿಯರಿದ್ದಾರೆ, ಚಾಚಾ ಎನ್ನುತ್ತೇನೆ. ಅವರು ಸೀರೆಯ ಮುಂಭಾಗ ನೋಡಲೇ ಇಲ್ಲ, ನೇರ ಉಲ್ಟಾ ತಿರುಗಿಸಿದರು. ಹರಿದ ಕಡೆಯಿಂದ ಒಂದು ಜರಿ ಎಳೆ ಬಿಚ್ಚಿ ಸುತ್ತು ತೆಗೆದು, ಒಳಗೆ ರೇಷ್ಮೆ ಇದೆ, ಜರಿ ಅಸಲಿ ಎಂದರು. ಆಮೇಲೆ ಬುಟ್ಟಾದ ಬೆನ್ನು ತೋರಿಸಿದರು. ಬನಾರಸಿಯಲ್ಲಿ ಬುಟ್ಟಾ ಹಾಕುವ ಎರಡು ಬಗೆ ತಿಳಿದಿರಬೇಕು. ಒಂದು ಕಢುವಾ: ಒಂದೊಂದು ಬುಟ್ಟಾಕ್ಕೂ ಬೇರೆ ಬೇರೆ ಸಣ್ಣ ಕಡ್ಡಿಯಿಂದ ಜರಿ ಆಡಿಸಿ ಅಲ್ಲಲ್ಲೇ ನೇಯುವುದು. ಹಿಂದೆ ಬಿಡಿ ಎಳೆ ಇರುವುದಿಲ್ಲ. ಇನ್ನೊಂದರಲ್ಲಿ ಜರಿ ಈ ಅಂಚಿನಿಂದ ಆ ಅಂಚಿಗೆ ಓಡುತ್ತದೆ. ನೇಯ್ದಾದ ಮೇಲೆ ಬುಟ್ಟಾಗಳ ನಡುವೆ ಜೋತಾಡುವ ಎಳೆಗಳನ್ನು ಕತ್ತರಿಸುತ್ತಾರೆ, ಅದಕ್ಕೇ ಕಟ್‌ವರ್ಕ್ ಎನ್ನುವುದು. ಅಲ್ಲಿ ಬುಟ್ಟಾದ ಹತ್ತಿರ ಕತ್ತರಿ ಹೋದರೆ ಬುಟ್ಟಾವೇ ಬಿಚ್ಚಿಕೊಂಡು ಬರುತ್ತದೆ. ಅವ್ವನದು ಕಢುವಾ. "ಕಾಟೋ ಬಿಟಿಯಾ, ಡರೋ ಮತ್" ಎಂದು ಸೀರೆ ಮಡಿಸಿ ನನ್ನ ಕೈಗಿಟ್ಟರು.

ಆದರೂ ಭಯ ಹೋಗಲಿಲ್ಲ. ಒಂದು ಸಂಜೆ ಧಮೇಕ್ ಸ್ತೂಪದ ಹತ್ತಿರ ಕೂತಿದ್ದೆ. ಅದರ ಸುತ್ತ ಕಲ್ಲಿನಲ್ಲಿ ಹೂಬಳ್ಳಿಯ ದೊಡ್ಡ ಪಟ್ಟಿ ಇದೆ, ಗುಪ್ತರ ಕಾಲದ್ದು. ಸ್ತೂಪಕ್ಕೆ ಹೊದಿಸುತ್ತಿದ್ದ ಬಟ್ಟೆಯ ಚಿತ್ತಾರವನ್ನೇ ಕಲ್ಲಿನಲ್ಲಿ ಕೊರೆದದ್ದು ಎನ್ನುತ್ತಾರೆ. ನನ್ನ ಕಣ್ಣಿಗೂ ಸೆರಗಿನ ಹಾಗೇ ಕಾಣುತ್ತದೆ. ಎದುರಿಗೆ ಭಿಕ್ಷುಗಳು ಹೋಗುತ್ತಿದ್ದರು. ಅವರ ಚೀವರ ಗಮನಿಸಿದ್ದೀರಾ? ಇಡೀ ಬಟ್ಟೆಯಲ್ಲ, ತುಂಡು ಮಾಡಿ ಹೊಲಿದದ್ದು. ಮಗಧದ ಹೊಲಗಳ ಬದುಗಳನ್ನು ತೋರಿಸಿ ಹೀಗೆ ಹೊಲಿಯಲು ಬರುತ್ತದೆಯೇ ಎಂದು ಬುದ್ಧ ಕೇಳಿದಾಗ ಆನಂದ ಹೊಲಿದು ತೋರಿಸಿದನಂತೆ, ವಿನಯಪಿಟಕದಲ್ಲಿದೆ. ಅಲ್ಲೇ ಇನ್ನೊಂದು ಕಥೆ. ಕೌಶಾಂಬಿಯ ಉದಯನ ರಾಜನ ರಾಣಿವಾಸದವರು ಆನಂದನಿಗೆ 500 ವಸ್ತ್ರ ಕೊಟ್ಟುಬಿಡುತ್ತಾರೆ. ಇಷ್ಟೊಂದು ಏನು ಮಾಡುತ್ತೀರಿ ಎಂದು ರಾಜ ಕೇಳುತ್ತಾನೆ. ಚೀವರ ಹಳತಾದವರಿಗೆ ಹಂಚುತ್ತೇವೆ. ಹಳೆಯದನ್ನು? ಹಾಸಿಗೆಗೆ ಹೊದಿಕೆ ಮಾಡುತ್ತೇವೆ. ಅದೂ ಹಳತಾದರೆ ನೆಲಕ್ಕೆ ಹಾಸು, ಆಮೇಲೆ ಕಾಲೊರಸು, ಕೊನೆಗೆ ಚಿಂದಿಯನ್ನು ಕೆಸರಿನಲ್ಲಿ ಕಲಸಿ ನೆಲ ಸಾರಿಸುತ್ತೇವೆ. ನಮ್ಮ ಕಡೆ ಕೌದಿ ಹೊಲಿಯುವ ಅಜ್ಜಿಯರೂ ಇದೇ ಉತ್ತರ ಕೊಡುತ್ತಿದ್ದರು ಎನಿಸಿ ನಗು ಬಂತು. ಮನೆಗೆ ಬಂದು ಕತ್ತರಿ ಹುಡುಕಿದೆ.

ಹೊಲಿದದ್ದು ಬಟುವೆ. ನಮ್ಮ ಅಜ್ಜಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಎಲೆಅಡಿಕೆ ಚಂಚಿ ಮನಸ್ಸಿನಲ್ಲಿತ್ತು. ಆದರೆ ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಎಂದು ಅದಕ್ಕೆ ಮೂರು ನಾಲ್ಕು ಖಾನೆ, ಕೈ ಪಳಗಿರಬೇಕು. ಬಟುವೆ ಸುಲಭ.

ಮೊದಲು ಸೀರೆಯನ್ನು ಬೆಳಕಿಗೆ ಹಿಡಿದು ಗಟ್ಟಿ ಇರುವ ಭಾಗ ಆರಿಸಿ. ಅದರ ಉಲ್ಟಾ ಕಡೆ ಅಂಟಿಸುವ ತೆಳು ಕ್ಯಾನ್ವಾಸ್ ಇಟ್ಟು, ಮೇಲೊಂದು ಹತ್ತಿ ಬಟ್ಟೆ ಹಾಕಿ, ಕಡಿಮೆ ಬಿಸಿಯಲ್ಲಿ ಇಸ್ತ್ರಿ ಒತ್ತಿ. ಕತ್ತರಿಸುವುದು ಇದಾದ ಮೇಲೆ. 8 ಇಂಚು ಅಗಲ, 10 ಇಂಚು ಉದ್ದದ ಎರಡು ತುಂಡು. ಅದೇ ಅಳತೆಯ ಹತ್ತಿ ಅಸ್ತರು ಎರಡು. ಟೇಪು ಮಾತ್ರ ನೋಡಬೇಡಿ, ಬುಟ್ಟಾ ಎಲ್ಲಿ ಬರುತ್ತದೆ ನೋಡಿ. ನನ್ನ ಮೊದಲ ಬಟುವೆಯಲ್ಲಿ ಮಾವಿನಕಾಯಿ ಅರ್ಧ ಹೋಳಾಗಿದೆ, ಉಪ್ಪಿನಕಾಯಿಗೆ ಹೆಚ್ಚಿದ ಹಾಗೆ! ಅದು ನನ್ನ ಪಾಲಿಗೆ ಬಂತು.

ಒಳಮೈ ಹೊರಗಿಟ್ಟು ಅರ್ಧ ಇಂಚು ಬಿಟ್ಟು ಮೂರು ಬದಿ ಹೊಲಿಯಿರಿ. ಎರಡೂ ಪಕ್ಕದಲ್ಲಿ ಮೇಲಿನಿಂದ 2 ಇಂಚಿಗೆ ಶುರುವಾಗಿ ಅರ್ಧ ಇಂಚು ಹೊಲಿಯದೆ ಬಿಡಿ, ಅದು ಲಾಡಿಯ ಬಾಯಿ. ಅಸ್ತರನ್ನೂ ಮೂರು ಬದಿ ಹೊಲಿಯಿರಿ, ಆದರೆ ತಳದಲ್ಲಿ 3 ಇಂಚು ಬಿಡಿ. ರೇಷ್ಮೆಯ ಚೀಲವನ್ನು ಮಾತ್ರ ಸುಲ್ಟಾ ತಿರುಗಿಸಿ ಅಸ್ತರಿನೊಳಗೆ ಇಳಿಸಿದರೆ ಎರಡರ ಒಳ್ಳೆ ಮೈ ಒಂದಕ್ಕೊಂದು ತಾಗುತ್ತದೆ. ಬಾಯಿಯ ಸುತ್ತ ಅರ್ಧ ಇಂಚು ಬಿಟ್ಟು ಹೊಲಿದು, ಅಸ್ತರಿನ ತಳದಲ್ಲಿ ಬಿಟ್ಟ ಜಾಗದಿಂದ ಎಲ್ಲವನ್ನೂ ಹೊರಗೆಳೆದು, ಆ ಜಾಗ ಮುಚ್ಚಿ. ಈಗ ಲಾಡಿಯ ಬಾಯಿಯ ಮೇಲೊಂದು, ಕೆಳಗೊಂದು ಸುತ್ತು ಹೊಲಿಗೆ. ಎರಡು ದಾರ ಎದುರುಬದುರಾಗಿ ಪೋಣಿಸಿದರೆ ಮುಗಿಯಿತು. ಗುಂಡುಪಿನ್ನು ಹೊಲಿಗೆಯ ಅಂಚಿನೊಳಗೇ ಚುಚ್ಚಿ, ಹಳೆ ರೇಷ್ಮೆಯಲ್ಲಿ ತೂತು ಹಾಗೇ ಉಳಿಯುತ್ತದೆ. ಮಷಿನ್ನಿಗೆ 11 ನಂಬರ್ ಸೂಜಿ ಸಾಕು. ದಾರದ ತುದಿಗೆ ನಾನು ಅವ್ವನ ತುಂಡಾದ ಕಾಲ್ಗೆಜ್ಜೆಯ ಬೆಳ್ಳಿ ಗುಂಡು ಕಟ್ಟಿದೆ.

ಮೂರು ಬಟುವೆಯಾದವು. ಕೊರಿಯರ್ ಮುಟ್ಟಿದ ದಿನ ತಂಗಿ ಅತ್ತಳು. ಅಕ್ಕ ಫೋನ್ ಮಾಡಿ, "ಚಲೋ ಆಗೇತಿ, ಬಿಪಿ ಗುಳಿಗಿ ಇಡಾಕ ಬರತೈತಿ" ಅಂದಳು. ಅಷ್ಟೇ ಅಂದಳು. ಕಳೆದ ಶ್ರಾವಣದಲ್ಲಿ ಊರಿಗೆ ಹೋದಾಗ ನೋಡಿದೆ, ಗುಳಿಗೆ ಅಡುಗೆಮನೆಯ ಡಬ್ಬಿಯಲ್ಲೇ ಇದ್ದವು. ಬಟುವೆಯಲ್ಲಿ ಅವ್ವನ ಕನ್ನಡಕ ಇತ್ತು.

ಸೆರಗು ಇನ್ನೂ ಕತ್ತರಿಸಿಲ್ಲ. ಧೋತರದಲ್ಲಿ ಸುತ್ತಿಟ್ಟು, ಎರಡು ತಿಂಗಳಿಗೊಮ್ಮೆ ಮಡಿಕೆ ಬದಲಿಸುತ್ತೇನೆ. ತಂಗಿ ಮಗಳ ಮದುವೆಗೆ ಕುಪ್ಪಸಕ್ಕೆ ಕೇಳಿದ್ದಾಳೆ, ಅಕ್ಕ ಕೇಳದೆ ಕೊಡಬೇಡ ಎಂದಿದ್ದಾಳೆ. ಇಬ್ಬರೂ ಈಗ ಅದರ ಬಗ್ಗೆ ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಾರೆ, ನನ್ನ ಬಿಟ್ಟು.